ಓದದೆ ತಿರಸ್ಕರಿಸುವ ಮೇಲ್ಮನವಿ ಸಮಿತಿಗಳು

ಮಾಜಿ ಸೈನಿಕರಾದ ನನ್ನ ಭಾವನವರ ಅಂಗವೈಕಲ್ಯ ಪಿಂಚಣಿಯ ಎರಡನೆಯ ಮೇಲ್ಮನವಿಯೂ ತಿರಸ್ಕೃತವಾಗಿದೆ. 2018ರಲ್ಲಿ ಬಂದ ಮೊದಲ ನಿರಾಕರಣೆ, 2021ರಲ್ಲಿ ಬಂದ ಮೊದಲ ಮೇಲ್ಮನವಿಯ ಆದೇಶ ಮತ್ತು ಈಗ ಕೈಸೇರಿದ ಪತ್ರ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕಾರಣ ಹೇಳುವ ವಾಕ್ಯ ಮೂರರಲ್ಲಿಯೂ ಅದೇ. ಕಾಯಿಲೆಯ ಹೆಸರಿನಲ್ಲಿ ಮೊದಲನೆಯ ಗುಮಾಸ್ತರು ನುಂಗಿದ ಒಂದು ಅಕ್ಷರವನ್ನು ಮುಂದಿನವರಿಬ್ಬರೂ ಅಷ್ಟೇ ನಿಷ್ಠೆಯಿಂದ ನುಂಗಿದ್ದಾರೆ. ಸಹಿಗಳು ಮಾತ್ರ ಬೇರೆ ಬೇರೆ. ಕಡತವನ್ನು ಯಾರಾದರೂ ಬಿಚ್ಚಿ ನೋಡಿದ್ದರೆ ಆ ಅಕ್ಷರವಾದರೂ ಸರಿಹೋಗುತ್ತಿತ್ತು.

ಭಾವನವರು ಸೇನೆಯಲ್ಲಿ ಹವಾಲ್ದಾರರಾಗಿದ್ದವರು. ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಭರ್ತಿಯಾಗುವಾಗ ವೈದ್ಯರು ಅಂಗುಲ ಅಂಗುಲ ಪರೀಕ್ಷಿಸಿ ಸಂಪೂರ್ಣ ಆರೋಗ್ಯವಂತರೆಂದು ಬರೆದುಕೊಟ್ಟಿದ್ದರು. ಪೂರ್ವ ಲಡಾಖಿನ ಎತ್ತರದ ಠಾಣೆಯಿಂದ ಇಳಿದು ಪುಣೆಗೆ ವರ್ಗವಾಗಿ ಬಂದ ಎರಡು ತಿಂಗಳಲ್ಲಿ, ವಾರ್ಷಿಕ ವೈದ್ಯಕೀಯ ತಪಾಸಣೆಯಲ್ಲಿ ಅವರ ರಕ್ತದೊತ್ತಡ ಮಿತಿಮೀರಿರುವುದು ಪತ್ತೆಯಾಯಿತು. ನಿವೃತ್ತಿಯ ಹೊತ್ತಿಗೆ ವೈದ್ಯಕೀಯ ಮಂಡಳಿ ಅದನ್ನು ಜೀವನಪೂರ್ತಿ ಶೇ. 30ರ ಅಂಗವೈಕಲ್ಯವೆಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಅದೇ ಹಾಳೆಯಲ್ಲಿ, ಅದು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದೂ ಬರೆಯಿತು. ಪಿಂಚಣಿಯ ನಿರಾಕರಣೆಗೆ ಅದೇ ಆಧಾರ. ಮಾಹಿತಿ ಹಕ್ಕಿನಡಿ ತರಿಸಿದ ಝೆರಾಕ್ಸ್ ಪ್ರತಿ ನನ್ನ ಬಳಿ ಇದೆ. ಸಮರ್ಥನೆ ಬರೆಯಬೇಕಾದ ಅಗಲವಾದ ಖಾನೆಯಲ್ಲಿ ಇರುವುದು ಒಂದೇ ಸಾಲು, ‘ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡಿದೆ’ ಎಂದು. ಶಾಂತಿ ಪ್ರದೇಶವೆಂದರೆ ಪುಣೆಯಂಥ, ಗಡಿಯಿಂದ ದೂರದ ನೆಲೆ. ಲಡಾಖಿನ ವರ್ಷಗಳ ದಾಖಲೆಯನ್ನು ಎರಡೂ ಮೇಲ್ಮನವಿಗಳ ಜೊತೆ ಲಗತ್ತಿಸಿದ್ದೆವು. ಆದೇಶಗಳಲ್ಲಿ ಲಡಾಖಿನ ಹೆಸರೇ ಇಲ್ಲ. ‘ಅಲ್ಲಿ ಇದ್ದದ್ದು ಇವರ ಕಾಗದದಾಗ ಇಲ್ಲೇನೋ?’ ಎಂದು ಅಕ್ಕ ಕೇಳಿದಳು. ಇದೆ ಅಕ್ಕಾ, ಅವರ ಕಾಗದದಲ್ಲಿಯೇ ಇದೆ.

ಸೇನಾ ವೈದ್ಯರಿಗಾಗಿ 2008ರಲ್ಲಿ ತಿದ್ದುಪಡಿಯಾಗಿ, ಭಾವನವರ ನಿವೃತ್ತಿಯ ಹೊತ್ತಿಗೆ ಜಾರಿಯಲ್ಲಿದ್ದ ಮಾರ್ಗದರ್ಶಿಯ ಪ್ರಕಾರ, ರಣಪ್ರದೇಶ, ಅತಿ ಎತ್ತರದ ಪ್ರದೇಶ ಅಥವಾ ಬಂಡಾಯ ನಿಗ್ರಹದ ಕಾರ್ಯಾಚರಣೆಯ ಪ್ರದೇಶಗಳಲ್ಲಿ ಇದ್ದಾಗ ರಕ್ತದೊತ್ತಡ ಶುರುವಾದರೆ ಅದು ಸೇವೆಯಿಂದ ಉಲ್ಬಣಿಸಿದ್ದೆಂದು ಪರಿಗಣಿಸಬೇಕು. ಸಮಿತಿಗಳ ಕೈಯಲ್ಲಿ ಇದೇ ನಿಯಮ ತಲೆಕೆಳಗಾಗುತ್ತದೆ: ಶಾಂತಿ ಪ್ರದೇಶದಲ್ಲಿ ಪತ್ತೆಯಾಯಿತೆಂದರೆ ಸೇವೆಗೂ ಅದಕ್ಕೂ ಸಂಬಂಧವೇ ಇಲ್ಲ. ಪತ್ತೆಯಾದ ದಿನವೇ ರೋಗ ಹುಟ್ಟಿದ ದಿನವೆಂದು ಯಾವ ವೈದ್ಯಶಾಸ್ತ್ರ ಹೇಳುತ್ತದೆ? ಮಂಜಿನ ಠಾಣೆಯಲ್ಲಿ ಪ್ರತಿ ವಾರ ರಕ್ತದೊತ್ತಡ ಅಳೆಯುತ್ತಾ ಕೂರುವವರು ಯಾರೂ ಇರಲಿಲ್ಲವೆಂಬುದು ಸಮಿತಿಯ ವೈದ್ಯಾಧಿಕಾರಿಗಳಿಗೆ ತಿಳಿಯದ ಸಂಗತಿಯೇ? ಹೃದಯಾಘಾತದ ಪ್ರಕರಣಗಳಲ್ಲಿ ಅದಕ್ಕೆ ಹಿಂದಿನ 14 ದಿನಗಳ ಕರ್ತವ್ಯದ ವಿವರವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಅದಕ್ಕೂ ಮುಂಚಿನ ಇಪ್ಪತ್ತು ವರ್ಷ ಆ ಹೃದಯ ರಜೆಯ ಮೇಲೆ ಇತ್ತೆಂದು ತೋರುತ್ತದೆ.

ಕಾನೂನು ಅಸ್ಪಷ್ಟವಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. 1982ರ ಅರ್ಹತಾ ನಿಯಮಗಳು, ಅರ್ಹತೆಯನ್ನು ಸಾಬೀತುಪಡಿಸುವಂತೆ ಅರ್ಜಿದಾರನನ್ನು ಕೇಳಬಾರದು, ಸಂದೇಹವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು ಎಂದು ನೇರವಾಗಿ ಹೇಳಿದ್ದವು. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭರ್ತಿಯ ಸಮಯದಲ್ಲಿ ದಾಖಲಾಗದ ರೋಗ ಆಮೇಲೆ ಕಾಣಿಸಿಕೊಂಡರೆ ಅದು ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು, ಅಲ್ಲವೆನ್ನುವ ಮಂಡಳಿ ಅದಕ್ಕೆ ಕಾರಣ ಕೊಡಬೇಕು ಎಂದು ಆ ನಿಯಮಗಳ ಅರ್ಥವನ್ನು ಬಿಡಿಸಿ ಹೇಳಿತು. 2008ರ ಪರಿಷ್ಕೃತ ನಿಯಮಗಳು ಭಾಷೆಯನ್ನು ಬಿಗಿಗೊಳಿಸಿದವಾದರೂ, ಸಾಮಾನ್ಯವಾಗಿ ಅರ್ಜಿದಾರನ ಮೇಲೆ ಸಾಬೀತಿನ ಹೊರೆ ಇಲ್ಲವೆಂಬುದನ್ನು ಉಳಿಸಿಕೊಂಡಿದ್ದವು. ಇಷ್ಟಾದರೂ ನಮ್ಮ ಆದೇಶದಲ್ಲಿ ‘ಅರ್ಜಿದಾರರು ಸಂಬಂಧವನ್ನು ತೋರಿಸಿಕೊಟ್ಟಿಲ್ಲ’ ಎಂದಿದೆ. ಹತ್ತನೇ ತರಗತಿ ಓದಿ ಬಂದೂಕು ಹಿಡಿದ ಮನುಷ್ಯ ತನ್ನ ರಕ್ತನಾಳಗಳ ಇತಿಹಾಸವನ್ನು ವೈದ್ಯರಿಗೆ ತೋರಿಸಿಕೊಡಬೇಕಂತೆ!

ಹಣವಾದರೂ ಎಷ್ಟು? ಶೇ. 100ರ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30, ಉಳಿದವರಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದು ಪರಿಗಣಿಸುವ ಪದ್ಧತಿ ಇದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಅನ್ವಯಿಸುತ್ತದೆಂದು 2014ರ ರಾಮ್ ಅವತಾರ್ ತೀರ್ಪು ಹೇಳಿದೆ. ಅಂದರೆ ಭಾವನವರಿಗೆ ದಕ್ಕಬೇಕಾದದ್ದು ಕೊನೆಯ ವೇತನದ ಶೇ. 15. ಮಾತ್ರೆ, ತಪಾಸಣೆಗಳ ಜೊತೆಗೆ ಮನೆಯ ಕಂತಿನ ಒಂದು ಪಾಲನ್ನು ತೂಗಿಸುವಷ್ಟು ಹಣ. ಅದಿಲ್ಲದ ಕಾರಣಕ್ಕೆ ಅವರು ಪುಣೆಯ ದಿಘಿಯ ಮನೆಯಿಂದ ದಿನವೂ ಹೋಗಿ ಒಂದು ಗೋದಾಮಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ರಕ್ತದೊತ್ತಡದ ರೋಗಿಗೆ ರಾತ್ರಿ ಪಾಳಿ ಬೇಡವೆಂದು ವೈದ್ಯರು ಚೀಟಿಯಲ್ಲಿ ಬರೆದಿದ್ದಾರೆ; ಆ ಚೀಟಿಯೂ ಕಡತದಲ್ಲಿದೆ.

ಇನ್ನು ಉಳಿದಿರುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಮಹಾರಾಷ್ಟ್ರ, ಗುಜರಾತ್, ಗೋವಾ ಮೂರಕ್ಕೂ ಪೀಠ ಇರುವುದು ಮುಂಬೈಯಲ್ಲಿ. ನಾವು ಪುಣೆಯವರು ಬೆಳಗಿನ ರೈಲು ಹಿಡಿದು ಹೋಗಿ ಬರಬಹುದು. ಗೋವಾದ ಕಾಣಕೋಣದ ಮಾಜಿ ಸೈನಿಕನ ಪಾಡು ಬೇರೆ. ಆದರೆ ನನ್ನ ಹೊಟ್ಟೆ ಉರಿಯುವುದು ಹಿಂದಿನ ವರ್ಷಗಳ ಪಿಂಚಣಿ ಬಾಕಿಯ ಲೆಕ್ಕಕ್ಕೆ. 2008ರ ತರ್ಸೇಮ್ ಸಿಂಗ್ ತೀರ್ಪಿನಿಂದಾಗಿ, ತಡವಾಗಿ ನ್ಯಾಯಾಲಯಕ್ಕೆ ಬಂದವರಿಗೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಗಳ ಬಾಕಿ ಮಾತ್ರ ಸಿಗುತ್ತದೆ. ನಾವು ತಡಮಾಡಲಿಲ್ಲ, ಎರಡೂ ಮೇಲ್ಮನವಿಗಳನ್ನು ಗಡುವಿನೊಳಗೆ ಕಳಿಸಿದ್ದೇವೆ. ಮಲಗಿದ್ದು ಸಮಿತಿಗಳು. ಹೀಗಿದ್ದೂ, ಅವರು ನಿದ್ರಿಸಿದ ವರ್ಷಗಳನ್ನು ನಮ್ಮ ಬಾಕಿಯಿಂದ ಕಳೆಯುವಂತೆ ಸರ್ಕಾರದ ಪರ ವಕೀಲರು ವಾದಿಸುವುದು ಖಚಿತವೆಂದು ನಮ್ಮ ವಕೀಲರು ಮೊದಲೇ ಎಚ್ಚರಿಸಿದ್ದಾರೆ.

ಗೆದ್ದರೂ ಮುಗಿಯುವುದಿಲ್ಲ. ಗೋವಾದ ಮನೋಹರ ಪರ್ರೀಕರ್ ರಕ್ಷಣಾ ಸಚಿವರಾಗಿದ್ದಾಗ, 2015ರಲ್ಲಿ, ಅವರು ನೇಮಿಸಿದ ತಜ್ಞರ ಸಮಿತಿಯೇ ಅಂಗವಿಕಲ ಸೈನಿಕರ ವಿರುದ್ಧ ಇಂಥ ವ್ಯಾಜ್ಯಗಳನ್ನು ಕಡಿಮೆ ಮಾಡಬೇಕೆಂದು ಹೇಳಿತ್ತು. ಆದರೂ ನ್ಯಾಯಮಂಡಳಿಯ ಆದೇಶ ಸೈನಿಕನ ಪರವಾಗಿ ಬಂದ ಮೇಲೆ ಹೈಕೋರ್ಟಿಗೆ ಓಡುವ ಚಾಳಿ ನಿಂತಿಲ್ಲ. 2025ರಲ್ಲಿ ದೆಹಲಿ ಹೈಕೋರ್ಟ್ ಸರ್ಕಾರದ ಇಂಥ ನೂರಾರು ಅರ್ಜಿಗಳನ್ನು ಒಟ್ಟಿಗೆ ವಜಾ ಮಾಡಬೇಕಾಯಿತು. ಆ ಅರ್ಜಿಗಳಿಗೆಲ್ಲ ವಕೀಲರ ಶುಲ್ಕ ಹೋದದ್ದು ಬೊಕ್ಕಸದಿಂದ. ಭಾವನವರ ವಕೀಲರಿಗೆ ಕೊಡಬೇಕಾದ ಮುಂಗಡಕ್ಕೆ ಅಕ್ಕ ಸಹಕಾರಿ ಸಂಘದಲ್ಲಿ ಸಾಲ ಕೇಳಿದ್ದಾಳೆ, ಸಂಘದವರು ಆಧಾರವಾಗಿ ಪಿಂಚಣಿಯ ಆದೇಶವನ್ನು ತರಲು ಹೇಳಿದ್ದಾರೆ.