ಡಾಡ್ಜ್ ಸಿಟಿಯಲ್ಲಿ ದಾರಿ ತಪ್ಪಿದ ಫೋರ್ಡ್

ನಿನ್ನೆ ರಾತ್ರಿ ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ ಅವರ ‘ಶೈಯೆನ್ ಆಟಮ್’ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಫೋರ್ಡ್ ಅಂದ್ರೆ ನನಗೆ ಎಷ್ಟು ಇಷ್ಟ ಅಂತ ನಿಮಗೆಲ್ಲ ಗೊತ್ತೇ ಇದೆ. ಅವರ ‘ದಿ ಸರ್ಚರ್ಸ್’ ಬಗ್ಗೆ ಇಲ್ಲಿ ಎಷ್ಟು ಸಲ ಬರೆದಿಲ್ಲ! ಬೇರೆ ಯಾರೋ ತೆಗೆದ ಸಿನಿಮಾ ಆಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಇದು 1964ರಲ್ಲಿ ಬಂದ ಅವರ ಕೊನೆಯ ವೆಸ್ಟರ್ನ್, ಅಂದ್ರೆ ಕೌಬಾಯ್ ಕಾಲದ ಸಿನಿಮಾ. ಅವರಿಗಾಗ 70 ವರ್ಷ. ತಮ್ಮದೇ ಎಷ್ಟೋ ಸಿನಿಮಾಗಳಲ್ಲಿ ಕುದುರೆ ಏರಿ ಬಂದು ಗುಂಡು ತಿಂದು ಬೀಳುತ್ತಿದ್ದ ಅಮೆರಿಕದ ಮೂಲನಿವಾಸಿಗಳ ಕಥೆಯನ್ನು ಈ ಸಲ ಅವರ ಕಡೆಯಿಂದ ಹೇಳೋಣ ಅಂತ ಹೊರಟಿದ್ದರು. ಕಥೆಯೂ ಸಣ್ಣದಲ್ಲ. 1878ರಲ್ಲಿ ಶೈಯೆನ್ ಅನ್ನುವ ಬುಡಕಟ್ಟಿನ ಸುಮಾರು 300 ಜನ ಹಸಿವು, ಕಾಯಿಲೆ ತಾಳಲಾರದೆ ಇಂದಿನ ಒಕ್ಲಹೋಮದಿಂದ ಉತ್ತರದ ತಮ್ಮ ನೆಲಕ್ಕೆ ನಡೆದೇ ಹೊರಟರು. ಹೆಂಗಸರು, ಮಕ್ಕಳು, ಮುದುಕರು ಎಲ್ಲ ಸೇರಿ. ಹಿಂದೆ ಸೈನ್ಯ.

ಮೊದಲ ದೃಶ್ಯ ನೋಡಿ. ವಾಷಿಂಗ್ಟನ್‌ನಿಂದ ಅಧಿಕಾರಿಗಳು ಬರ್ತಾರೆ ಅಂತ ಆ ಜನ ಬಿಸಿಲಲ್ಲಿ ನಿಂತೇ ಇರುತ್ತಾರೆ. ಯಾರೂ ಬರುವುದಿಲ್ಲ. ಹೆಚ್ಚು ಮಾತಿಲ್ಲದೆ, ಬರೀ ನಿಲುವಿನಲ್ಲಿ ಅವಮಾನ ಏನು ಅಂತ ತೋರಿಸಿದ್ದಾರೆ. ಇಂಥದ್ದು ಫೋರ್ಡ್‌ಗೆ ಮಾತ್ರ ಸಾಧ್ಯ.

ಆಮೇಲೆ ಬರುತ್ತದೆ ಕಾನ್ಸಾಸ್‌ನ ಊರು ಡಾಡ್ಜ್ ಸಿಟಿ. ಊಟ ಬೇಡಿದ ಶೈಯೆನ್ ಒಬ್ಬನನ್ನು ಟೆಕ್ಸಾಸ್‌ನ ಕೌಬಾಯ್‌ಗಳು ಕೊಲ್ಲುತ್ತಾರೆ. ಎದೆ ಹಿಂಡುವ ದೃಶ್ಯ. ಅದರ ಬೆನ್ನಿಗೇ ನಟ ಜೇಮ್ಸ್ ಸ್ಟುವರ್ಟ್ ಆ ಕಾಲದ ಹೆಸರಾಂತ ಪೊಲೀಸ್ ಅಧಿಕಾರಿ ವ್ಯಾಟ್ ಅರ್ಪ್ ಆಗಿ ಕೂತು ಇಸ್ಪೀಟ್ ಆಡುತ್ತಾರೆ! ತಮಾಷೆ, ಗದ್ದಲ, ಗಾಡಿ ಹತ್ತಿ ಓಡುವ ಊರಿನವರು. ಸತ್ತವನಿಗೆ ಮರುಗುವಷ್ಟು ಹೊತ್ತನ್ನೂ ಫೋರ್ಡ್ ನಮಗೆ ಕೊಡುವುದಿಲ್ಲ. ಹಸಿದು ನಡೆಯುತ್ತಿದ್ದವರು ಅಷ್ಟು ಹೊತ್ತು ಪರದೆಯ ಮೇಲೆ ಇಲ್ಲವೇ ಇಲ್ಲ.

ಎರಡೂವರೆ ಗಂಟೆಗೂ ಜಾಸ್ತಿ ಇರುವ ಗಂಭೀರ ಸಿನಿಮಾ, ನಡುವೆ ಸ್ವಲ್ಪ ನಗು ಬೇಕಲ್ವಾ ಅಂತ ಕೆಲವರು ಹೇಳಬಹುದು. ಬೇಕು, ಸರಿ. ಆ ನಗು ಶೈಯೆನ್ ಜನರ ನಡುವೆಯೇ ಹುಟ್ಟಬಹುದಿತ್ತು. ಅವರೂ ನಗುವವರೇ ತಾನೆ?

ತೊಂದರೆ ಡಾಡ್ಜ್ ಸಿಟಿಗೆ ನಿಲ್ಲುವುದಿಲ್ಲ. ಕಥೆ ಹೇಳುವ ದನಿ ರಿಚರ್ಡ್ ವಿಡ್ಮಾರ್ಕ್ ಆಡಿದ ಸೈನ್ಯದ ಕ್ಯಾಪ್ಟನ್‌ನದು. ಮುಖ್ಯ ಶೈಯೆನ್ ಪಾತ್ರಗಳಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಾಲ್ಬಾನ್, ಗಿಲ್ಬರ್ಟ್ ರೋಲಂಡ್, ನ್ಯೂಯಾರ್ಕ್‌ನ ಸಾಲ್ ಮಿನಿಯೊ. ಹಿಂದೆ ನಿಂತಿರುವವರು ನವಾಹೋ ಅನ್ನುವ ಬೇರೆ ಬುಡಕಟ್ಟಿನ ಜನ, ಶೈಯೆನ್ ಅಂತ ಅವರಾಡುವುದು ನವಾಹೋ ಭಾಷೆ. ಆ ಕಾಲದಲ್ಲಿ ಹೆಸರಿರುವ ನಟರಿಲ್ಲದೆ ಯಾವ ಸ್ಟುಡಿಯೋ ದುಡ್ಡು ಹಾಕುತ್ತಿತ್ತು ಅಂತ ಕೇಳಿದರೆ ನಾನು ಒಪ್ಪುವುದಿಲ್ಲ. ಫೋರ್ಡ್ ಸಾಮಾನ್ಯ ನಿರ್ದೇಶಕರಲ್ಲ, ನಿರ್ದೇಶನಕ್ಕೇ ನಾಲ್ಕು ಆಸ್ಕರ್ ಗೆದ್ದವರು. 1939ರ ‘ಸ್ಟೇಜ್‌ಕೋಚ್’ನಿಂದ ನವಾಹೋಗಳ ನೆಲವಾದ ಮಾನ್ಯುಮೆಂಟ್ ವ್ಯಾಲಿಯಲ್ಲಿ ಅವರ ಜೊತೆ ಕೆಲಸ ಮಾಡಿದವರು. ಅವರಲ್ಲಿ ಒಬ್ಬರಿಗಾದರೂ ದೊಡ್ಡ ಪಾತ್ರ ಕೊಡಬಹುದಿತ್ತು.

ಕೊನೆಗೂ ಅದೇ ಕಥೆ. ವಾಷಿಂಗ್ಟನ್ನಿನ ಮಂತ್ರಿ ಕಾರ್ಲ್ ಶುರ್ಜ್ ತಾನೇ ಬಂದು ಎಲ್ಲ ಸರಿ ಮಾಡುತ್ತಾನೆ. ಆ ಮಾತುಕತೆಯನ್ನು ಸ್ಟುಡಿಯೋದಲ್ಲಿ, ಹಿಂದೆ ಪರದೆ ಇಟ್ಟು ತೆಗೆದದ್ದು ಎದ್ದು ಕಾಣುತ್ತದೆ. ನಿಜವಾಗಿ ನಡೆದದ್ದೇನು? 1879ರ ಜನವರಿಯ ಚಳಿಯಲ್ಲಿ, ನೆಬ್ರಾಸ್ಕದ ಫೋರ್ಟ್ ರಾಬಿನ್ಸನ್‌ನಲ್ಲಿ ಅನ್ನ ನೀರು ಕೊಡದೆ ಕೂಡಿಹಾಕಿದ್ದ ಶೈಯೆನ್ ಜನ ಕಿಟಕಿ ಹಾರಿ ಓಡಿದರು. ಸೈನಿಕರು ಬೆನ್ನಟ್ಟಿ ಕೊಂದರು. ಮೊಂಟಾನಾದಲ್ಲಿ ಅವರಿಗೆ ನೆಲ ಅಂತ ಗುರುತಾಗಿದ್ದು 1884ರಲ್ಲಿ.

ಸಿನಿಮಾದ ನಂತರದ ಕೆಲವು ಪ್ರತಿಗಳಲ್ಲಿ ಡಾಡ್ಜ್ ಸಿಟಿ ಭಾಗಕ್ಕೆ ಕತ್ತರಿ ಹಾಕಿದ್ದರು. ಸಿನಿಮಾ ಕತ್ತರಿಸುವುದು ನನಗೆ ಆಗದ ವಿಷಯ. ನಿನ್ನೆ ಮಾತ್ರ ಆ ಪ್ರತಿಯೇ ಸಿಗಬಾರದಿತ್ತೇ ಅನ್ನಿಸಿತು.