‘ನೋಡೋಣ’ ಅನ್ನದ ಊರಲ್ಲಿ

ಶನಿವಾರ ಬೆಳಗ್ಗೆ ಎಂಟೂವರೆ. ಜಿಟಿಜಿಟಿ ಮಳೆ. ನೆದರ್ಲೆಂಡ್ಸ್‌ನ ಆರ್ನೆಮ್‌ ಊರಲ್ಲಿ, ನಮ್ಮ ಬಡಾವಣೆಯ ಫುಟ್‌ಬಾಲ್ ಕ್ಲಬ್ ಮೈದಾನದ ಅಂಚಿನಲ್ಲಿ ಕಾಗದದ ಲೋಟ ಹಿಡಿದು ನಿಂತಿದ್ದೆ. ಲೋಟದಲ್ಲಿ ಇದ್ದದ್ದನ್ನು ಕಾಫಿ ಅನ್ನಬೇಕಾ ಅನ್ನೋದು ಬೇರೆ ಚರ್ಚೆ. ಮಗನ ಟ್ರೇನರ್ ಬಂದ. ಇಪ್ಪತ್ತೆರಡು ವರ್ಷದ ಹುಡುಗ ಇರಬಹುದು. ನನ್ನ ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳಿದ: “ಜನವರಿಯಿಂದ ಇವನು ಎರಡನೇ ತಂಡಕ್ಕೆ ಹೋಗಲಿ. ಇಲ್ಲಿ ಆಡೋಷ್ಟು ವೇಗ ಇನ್ನೂ ಬಂದಿಲ್ಲ. ಇಲ್ಲಿದ್ದರೆ ಬೆಂಚ್ ಮೇಲೆ ಕೂರ್ತಾನೆ. ಅಲ್ಲಿ ಆಡ್ತಾನೆ.”

ಇಷ್ಟೇ. ಹನ್ನೆರಡು ವರ್ಷದ ಮಗುವಿನ ಎದುರಿಗೇ. ಪೀಠಿಕೆ ಇಲ್ಲ, “ತಪ್ಪು ತಿಳ್ಕೋಬೇಡಿ” ಇಲ್ಲ. ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮಗ “ಸರಿ” ಅಂದು ಚೆಂಡಿನ ಹಿಂದೆ ಓಡಿದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಅಯ್ಯೋ, ನೋಡೋಣ ಅಂದಿದ್ರೆ ಅವನ ಗಂಟೇನು ಹೋಗ್ತಿತ್ತು?” ಅಂದಳು. ಸಾಗರಕ್ಕೆ ಫೋನ್ ಮಾಡಿದೆ. ಅಮ್ಮ, “ಮಗೂಗೆ ದೃಷ್ಟಿ ಆಗಿದೆ, ಸಂಜೆ ನಿವಾಳಿಸಿ ಹಾಕಿ” ಅಂದಳು. ಉಪ್ಪು, ಮೆಣಸಿನಕಾಯಿ ಹಿಡಿದುಕೊಂಡು ಒಲೆ ಹತ್ತಿರ ಹೋದ ಮೇಲೆ ನೆನಪಾಯಿತು, ಇದು ಇಂಡಕ್ಷನ್ ಒಲೆ ಅಂತ.

ಆ ರಾತ್ರಿ ನಿದ್ದೆ ಬರಲಿಲ್ಲ. ‘ನೋಡೋಣ’ ಅನ್ನೋ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

ಆ ಮಾತಿನ ಜೊತೆ ನನಗೆ ಹಳೇ ಲೆಕ್ಕ ಇದೆ. 2013ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಐದು ತಿಂಗಳು ಬೆಂಚ್ ಮೇಲಿದ್ದೆ. ಐಟಿಯವರಿಗೆ ಈ ಬೆಂಚ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ: ಸಂಬಳ ಬರುತ್ತೆ, ಮಾಡಲು ಕೆಲಸ ಇರೋದಿಲ್ಲ. ಬೆಳಗ್ಗೆ ಹೋಗೋದು, ಕಾರ್ಡ್ ಉಜ್ಜೋದು, ಕ್ಯಾಂಟೀನಿನಲ್ಲಿ ಮೂರು ಸಲ ಟೀ ಕುಡಿಯೋದು, ಸಂಜೆ ಸಿಲ್ಕ್ ಬೋರ್ಡಿನ ಜಾಮಲ್ಲಿ ನಿಂತು ವಾಪಸ್ ಬರೋದು. ಪ್ರತಿ ಸೋಮವಾರ ಮ್ಯಾನೇಜರ್ ಹತ್ತಿರ ಹೋಗಿ ಕೇಳುತ್ತಿದ್ದೆ. ಪ್ರತಿ ಸೋಮವಾರ ಅವರು ನಗುತ್ತಾ “ನೋಡೋಣ, ಈ ವಾರ ಏನಾದ್ರೂ ಬರುತ್ತೆ” ಅನ್ನುತ್ತಿದ್ದರು. ಒಳ್ಳೆ ಮನುಷ್ಯ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಒಂದು ದಿನವೂ “ನಿನಗೆ ಈ ಕೆಲಸ ಬರೋದಿಲ್ಲ, ಅದನ್ನು ಕಲಿ” ಅಂತಲೂ ಹೇಳಲಿಲ್ಲ. ಹೇಳಿದ್ದರೆ ಐದು ತಿಂಗಳಲ್ಲಿ ಕಲಿತುಬಿಡುತ್ತಿದ್ದೆ ಅಲ್ವಾ?

ಮೂರು ವರ್ಷ ಆದ ಮೇಲೆ ಇನ್ನೊಂದು ಕಂಪನಿ ನನ್ನನ್ನು ಇಲ್ಲಿನ ಗ್ರಾಹಕರ ಆಫೀಸಿಗೆ ಕಳಿಸಿತು. ಸಂಬಳ ಅವರದು, ಕೆಲಸ ಇವರದು. ನಾನು ಬಂದು ಇಳಿದ ಊರು ನೋಡಿದರೆ ನನ್ನಂಥವರಿಗಾಗಿಯೇ ಹೆಸರಾದ ಊರು.

ಆರ್ನೆಮ್‌ನಲ್ಲಿ ವಿಟೆಸ್ ಅಂತ ಒಂದು ಫುಟ್‌ಬಾಲ್ ಕ್ಲಬ್ ಇದೆ. 1892ರಷ್ಟು ಹಳೇದು, ಹಳದಿ ಕಪ್ಪು ಪಟ್ಟೆಯ ಅಂಗಿ. ಅವರ ಗೆಲ್ರೆಡೋಮ್ ಕ್ರೀಡಾಂಗಣದಲ್ಲಿ ಹುಲ್ಲಿನ ಅಂಕಣವೇ ತಟ್ಟೆಯ ಹಾಗೆ ಜಾರಿ ಹೊರಗೆ ಬರುತ್ತದೆ. 2010ರಲ್ಲಿ ಜಾರ್ಜಿಯಾದ ಮೆರಾಬ್ ಜೋರ್ಡಾನಿಯಾ ಈ ಕ್ಲಬ್ ಕೊಂಡರು. ಅಲ್ಲಿಂದ ಮುಂದೆ ಹತ್ತು ವರ್ಷ ಲಂಡನ್ನಿನ ಚೆಲ್ಸಿ ಕ್ಲಬ್ ತನ್ನ ಎಳೆ ಹುಡುಗರನ್ನು, ಸ್ವಲ್ಪ ಕಾಲ ಆಡಿ ವಾಪಸ್ ಬರಲಿ ಅಂತ, ಇಲ್ಲಿಗೆ ಕಳಿಸುತ್ತಲೇ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಬಂದು ಹೋದರು. ಮಾಟಿಚ್, ವಾನ್ ಆನ್‌ಹೋಲ್ಟ್, ಸೊಲಾಂಕಿ, ಬ್ರೋಯಾ, ಹೀಗೆ.

ಇಂಗ್ಲಿಷಿನವರು ಇದನ್ನು ಲೋನ್ ಅನ್ನುತ್ತಾರೆ. ನಾವು ಎರವಲು ಅನ್ನಬಹುದು. ಡಚ್ಚರು ಏನನ್ನುತ್ತಾರೆ ಗೊತ್ತಾ? ‘ಹ್ಯೂರ್‌ಸ್ಪೇಲರ್’. ‘ಹ್ಯೂರ್’ ಅಂದರೆ ಬಾಡಿಗೆ. ಪ್ರತಿ ತಿಂಗಳು ಒಂದನೇ ತಾರೀಕು ನಾನು ಮನೆ ಮಾಲೀಕನಿಗೆ ಕೊಡುವುದೂ ಅದೇ ಹ್ಯೂರ್. ಬಾಡಿಗೆ ಆಟಗಾರ. ಕೇಳಿದಾಗ ಮೊದಲು ಕಿವಿಗೆ ಒರಟಾಗಿ ಬಿತ್ತು. ಆಮೇಲೆ ಅನಿಸಿತು, ಸತ್ಯ ತಾನೇ? ಎರವಲು ಅಂದರೆ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದ ಹಾಗೆ. ಬಾಡಿಗೆ ಅಂದರೆ ಕರಾರು.

ನಾನು ಬಂದ ಮರು ವರ್ಷ, 2017ರ ಬೇಸಿಗೆಯಲ್ಲಿ, ಮೇಸನ್ ಮೌಂಟ್ ಅನ್ನೋ ಹದಿನೆಂಟರ ಹುಡುಗ ಬಂದ. ಕೆಲವೇ ತಿಂಗಳ ಹಿಂದೆ ವಿಟೆಸ್ 125 ವರ್ಷದಲ್ಲಿ ಮೊದಲ ಸಲ ದೇಶದ ಕಪ್ ಗೆದ್ದಿತ್ತು. ಊರಿಗೆ ಊರೇ ಖುಷಿಯಲ್ಲಿತ್ತು. ಗೆದ್ದ ತಂಡದಲ್ಲಿ ಹೊಸಬನಿಗೆ ಜಾಗ ಎಲ್ಲಿ? ಮೊದಲ ವಾರಗಳು ಬೆಂಚ್. ನಮ್ಮ ಆಫೀಸಿನ ಡಚ್ ಸಹೋದ್ಯೋಗಿಯ ಜೊತೆ ನಾನೂ ಆಟ ನೋಡಲು ಹೋಗುತ್ತಿದ್ದೆ. ಆಟ ಶುರುವಾಗುವ ಮುಂಚೆ ಒಂದು ನಿಜವಾದ ಹದ್ದು ಮೈದಾನದ ಮೇಲೆ ಹಾರುತ್ತಿತ್ತು, ನನ್ನ ಕಣ್ಣೆಲ್ಲ ಅದರ ಮೇಲೆ. ಸಹೋದ್ಯೋಗಿ ಬೆಂಚಿನ ಕಡೆ ಕೈ ತೋರಿಸಿ, “ಆ ಹುಡುಗ ಚೆನ್ನಾಗಿದಾನೆ, ಆದರೆ ಇನ್ನೂ ಸಾಲದು” ಅಂದ. ಪಕ್ಕದಲ್ಲಿದ್ದ ಅಜ್ಜ ಕೂಡ ಹಾಗೇ ಅಂದ.

ಆ ಹುಡುಗ ಸೀಸನ್ ಮುಗಿಯೋ ಹೊತ್ತಿಗೆ ಕ್ಲಬ್ಬಿನ ವರ್ಷದ ಆಟಗಾರ ಆದ. 2021ರ ಮೇ ತಿಂಗಳಲ್ಲಿ ಪೋರ್ಟೊದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆದಾಗ, ಚೆಲ್ಸಿಯ ಒಂದೇ ಒಂದು ಗೋಲಿಗೆ ಹಾವರ್ಟ್ಜ್‌ಗೆ ಚೆಂಡು ಕೊಟ್ಟದ್ದು ಅವನೇ. ಟಿವಿ ಮುಂದೆ ನಾನು ಕುಣಿದದ್ದು ನೋಡಿ ಮಗ ಹೆದರಿದ್ದ.

ಹಾಗಾದರೆ ಹೀಗೆ ಬಾಡಿಗೆಗೆ ಬಂದವರಲ್ಲಿ ಎಷ್ಟೋ ಜನ ಬೆಂಚ್ ಮೇಲೇ ಉಳಿಯೋದು ಯಾಕೆ? ಇಲ್ಲಿನವರ ಬಾಯಲ್ಲೇ ಕೇಳಿ ತಿಳಿದದ್ದು. ಆಗಸ್ಟ್ ಕೊನೆಯಲ್ಲಿ ಹುಡುಗ ಬಂದು ಇಳಿಯುತ್ತಾನೆ. ಅಷ್ಟರಲ್ಲಿ ತಂಡ ಕೂಡಿ ಆಗಿರುತ್ತದೆ. ಭಾಷೆ ಬರೋದಿಲ್ಲ. ಕೋಚ್‌ಗೆ ಶನಿವಾರ ಸೋತರೆ ತನ್ನ ಕೆಲಸದ ಚಿಂತೆ. ಅದಕ್ಕಿಂತ ದೊಡ್ಡದು ಇನ್ನೊಂದು: ಇವನನ್ನು ನಾನು ತಿದ್ದಿ ತೀಡಿದರೆ ಲಾಭ ಯಾರಿಗೆ? ಮುಂದಿನ ಜೂನ್‌ನಲ್ಲಿ ಅವರೇ ಕರೆದುಕೊಂಡು ಹೋಗುತ್ತಾರೆ. ಅದೇ ಜಾಗದಲ್ಲಿ ನಮ್ಮದೇ ಹುಡುಗನನ್ನು ಆಡಿಸಿದರೆ ನಾಳೆ ಮಾರಬಹುದು. ಊರಲ್ಲಿ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತೇವೆ. ಇಲ್ಲಿ ಇಸ್ಕೊಂಡೋನಿಗೂ ಕೋಡಂಗಿ ಆಗುವ ಭಯ. ಅದಕ್ಕೇ ಕೆಲವು ಕರಾರುಗಳಲ್ಲಿ ಬರೆದಿರುತ್ತಾರೆ: ಆಡಿಸಿದರೆ ಬಾಡಿಗೆ ಕಮ್ಮಿ, ಬೆಂಚ್ ಮೇಲೆ ಕೂರಿಸಿದರೆ ಜಾಸ್ತಿ. ನನಗಂತೂ ಇದು ಬಹಳ ಹಿಡಿಸಿತು. ನನ್ನ ಐದು ತಿಂಗಳಿಗೆ ಯಾರಾದರೂ ದಂಡ ಕಟ್ಟಿದ್ದರೆ ಹೇಗಿರುತ್ತಿತ್ತು!

ಆಡಿದರೆ ಏನಾಗುತ್ತದೆ ಅನ್ನೋದಕ್ಕೆ ಓಡೆಗಾರ್ಡ್ ಇದ್ದಾನಲ್ಲ. ನಾರ್ವೆಯ ಹುಡುಗ. 2015ರಲ್ಲಿ ಹದಿನಾರಕ್ಕೇ ರಿಯಲ್ ಮ್ಯಾಡ್ರಿಡ್ ಸೇರಿದ. ಅಲ್ಲಿ ಜಾಗ ಎಲ್ಲಿ ಸಿಗಬೇಕು? 2017ರ ಜನವರಿಯಲ್ಲಿ ಈ ದೇಶದ ಹೀರೆನ್‌ವೀನ್‌ಗೆ ಬಾಡಿಗೆಗೆ ಬಂದ. ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲದ ಸಣ್ಣ ಊರು. ಒಂದೂವರೆ ವರ್ಷ ಅಲ್ಲಿ, ಮುಂದಿನ ಸೀಸನ್ ನಮ್ಮ ವಿಟೆಸ್‌ನಲ್ಲಿ. ಮ್ಯಾಡ್ರಿಡ್‌ನಿಂದ ಇಲ್ಲಿಗೆ ಬಂದದ್ದನ್ನು ಎಷ್ಟೋ ಜನ ಹಿಂಬಡ್ತಿ ಅಂದರು. ಈಗ ಆರ್ಸೆನಲ್ ನಾಯಕ. ನನ್ನ ಮಗನ ಎರಡನೇ ತಂಡವೂ ಇದೇ ತಾನೇ ಅಂತ ಆ ರಾತ್ರಿ ಮೂರು ಗಂಟೆಗೆ ಲೆಕ್ಕ ಹಾಕಿದೆ. ಅಪ್ಪಂದಿರ ಲೆಕ್ಕ ಹಾಗೇ, ಸ್ವಲ್ಪ ಜಾಸ್ತಿ.

ನಮ್ಮಲ್ಲಿ ನೋಡಿ. ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ಹೊಡೆದರು. ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಭಾರತ ತಂಡದ್ದು, ಕೊನೆಗೆ ಕರ್ನಾಟಕ ತಂಡದ್ದೂ. 2022ರಲ್ಲಿ ಕ್ರಿಕೆಟ್ಟಿಗೇ ಇನ್ನೊಂದು ಅವಕಾಶ ಕೊಡು ಅಂತ ಕೇಳಿಕೊಂಡು ಟ್ವೀಟ್ ಮಾಡಿದಾಗ ನಾನು ಇಲ್ಲಿ ಟ್ರಾಲಿ ಬಸ್ಸಿನಲ್ಲಿ ಕೂತಿದ್ದೆ. ಗಂಟಲು ಕಟ್ಟಿತು. ಅವರು ವಿದರ್ಭಕ್ಕೆ ಹೋದರು, ಅಲ್ಲಿ ರನ್ ಗುಡ್ಡೆ ಹಾಕಿದರು, 2025ರಲ್ಲಿ ಅವರ ಜೊತೆ ರಣಜಿ ಗೆದ್ದರು, ಮತ್ತೆ ಭಾರತಕ್ಕೆ ಆಡಿದರು. ತವರಿಗೆ ಬೇಡವಾದ ಹುಡುಗನನ್ನು ನಾಗಪುರ ಆಡಿಸಿತು. ಒಳಗೆ ಯಾರು ಅವರಿಗೆ ಏನು ಹೇಳಿದ್ದರೋ. ನನ್ನ ಕಿವಿಗೆ ಮಾತ್ರ ಆ ಸೋಮವಾರದ ದನಿಯೇ ಕೇಳುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಬೇಕು. ಮನಸ್ಸಿಲ್ಲ, ಆದರೂ.

ಯೂರೋಪಿನವರೆಲ್ಲ ನೇರ ಮಾತಿನವರು ಅನ್ನೋ ಹಾಗೆ ಇಷ್ಟು ಹೊತ್ತು ಬರೆದೆ. ಬ್ರೆಜಿಲಿನ ಲೂಕಾಸ್ ಪಿಯಾಜಾನ್ ಅದನ್ನು ನಂಬಲಿಕ್ಕಿಲ್ಲ. 2012ರಲ್ಲಿ ಹದಿಹರೆಯದವನಾಗಿ ಚೆಲ್ಸಿಗೆ ಬಂದ. ಅದೇ ಡಿಸೆಂಬರ್‌ನಲ್ಲಿ ಆಸ್ಟನ್ ವಿಲ್ಲಾ ಮೇಲೆ 8-0 ಗೆದ್ದ ಆಟದಲ್ಲಿ ಇಳಿದು, ಸಿಕ್ಕಿದ ಪೆನಾಲ್ಟಿಯನ್ನು ಗೋಲು ಮಾಡಲಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಚೆಲ್ಸಿಗೆ ಅವನು ಆಡಿದ್ದು ಅದೊಂದೇ ಪಂದ್ಯ. ಆಮೇಲೆ ಮಲಗಾ, ವಿಟೆಸ್, ಫ್ರಾಂಕ್‌ಫರ್ಟ್, ರೆಡಿಂಗ್, ಫುಲಮ್, ಕಿಯೆವೊ, ರಿಯೊ ಆವೆ. 2021ರಲ್ಲಿ ಬಿಟ್ಟು ಹೋಗುವವರೆಗೆ ಒಂಬತ್ತು ವರ್ಷ ಸೂಟ್‌ಕೇಸ್ ಬಿಚ್ಚಲೇ ಇಲ್ಲ. ಒಂದು ಕಾಲಕ್ಕೆ ಚೆಲ್ಸಿಯ ಹೀಗೆ ಕಳಿಸಿದ ಆಟಗಾರರೇ ನಲವತ್ತರ ಹತ್ತಿರ ಇದ್ದರು. ಅವರನ್ನು ಊರೂರು ಸುತ್ತಿ ನೋಡಿಕೊಂಡು ಬರಲು ಪಾಲೊ ಫೆರೇರಾ, ಎಡ್ಡಿ ನ್ಯೂಟನ್ ಅಂಥ ಹಳೇ ಆಟಗಾರರಿಗೆ ಕೆಲಸ ಕೊಟ್ಟಿದ್ದರು. ನೋಡಿಕೊಂಡು ಬರೋದು! ಅದು ‘ನೋಡೋಣ’ ಅಲ್ಲದೆ ಮತ್ತೇನು? ಕೋಟು ಹಾಕಿಕೊಂಡ ನೋಡೋಣ. ಫಿಫಾ 2022ರ ಜುಲೈನಿಂದ ಕಡಿವಾಣ ಹಾಕಿತು: ಒಂದು ಕ್ಲಬ್ಬಿನಿಂದ ಹೊರದೇಶಕ್ಕೆ ಬಾಡಿಗೆಗೆ ಎಂಟೇ ಜನ, ಎರಡು ವರ್ಷದಲ್ಲಿ ಅದು ಆರಕ್ಕೆ ಇಳಿಯಿತು. ಆದರೆ 21ರೊಳಗಿನ, ಕ್ಲಬ್ಬೇ ಬೆಳೆಸಿದ ಹುಡುಗರು ಈ ಲೆಕ್ಕಕ್ಕೆ ಬರೋದಿಲ್ಲ. ಬೆಂಚ್ ಮೇಲೆ ಜಾಸ್ತಿ ಕೂರೋ ವಯಸ್ಸೇ ಅದು.

ಇನ್ನೊಂದು. ‘ಇಲ್ಲ’ ಅಂತ ಹೇಳೋದು ಈ ದೇಶದವರಿಗೆ ಸುಲಭ. ಯಾಕೆಂದರೆ ಆ ಮಾತಿನ ಬೆನ್ನಿಗೇ ಎರಡನೇ ತಂಡ ಇದೆ. ಮೂರನೆಯದೂ ಇದೆ. ನಮ್ಮ ಬಡಾವಣೆಯ ಕ್ಲಬ್ಬಿನಲ್ಲೇ ನಾಲ್ಕು ಹುಲ್ಲಿನ ಅಂಕಣ, ರಾತ್ರಿ ದೀಪ. ಸಾಗರದಲ್ಲಿ ನಾವು ಆಡುತ್ತಿದ್ದ ಶಾಲೆಗೆ ಇದ್ದದ್ದು ಒಂದು ತಂಡ, ಒಂದು ಚೆಂಡು. ಪಿಟಿ ಮೇಷ್ಟ್ರು ಒಬ್ಬನಿಗೆ ‘ಇಲ್ಲ’ ಅಂದುಬಿಟ್ಟರೆ ಅವನಿಗೆ ಅಲ್ಲಿಗೆ ಮುಗೀತು. ಕೊಡಲು ಬೇರೆ ಏನೂ ಇಲ್ಲದಾಗ ಮನುಷ್ಯ ‘ನೋಡೋಣ’ ಕೊಡುತ್ತಾನೆ. ಆ ಮ್ಯಾನೇಜರ್ ಹತ್ತಿರವೂ ಸೋಮವಾರಕ್ಕೆ ಅಷ್ಟೇ ಇತ್ತೋ ಏನೋ.

ಬೆಂಗಳೂರನ್ನೂ ಪೂರ್ತಿ ಬೈಯಲಾರೆ. ಸುನಿಲ್ ಚೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದಾಗ ಲೀಗಿನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್‌ಗೆ ಹೋದರೆ ಬಿ ತಂಡದಲ್ಲಿ ಬೆರಳೆಣಿಕೆಯ ಆಟ. ಅಲ್ಲಿಂದ ಗೋವಾಕ್ಕೆ ಎರವಲು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಕರೆದು ನಾಯಕನ ಪಟ್ಟಿ ಕಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದರು. ಎರಡು ಖಂಡ ‘ಇಲ್ಲ’ ಅಂದವನನ್ನು ನಮ್ಮ ಊರು ಆಡಿಸಿತು.

ಮತ್ತೆ ನಾನೂ ಹೈಸ್ಕೂಲಿಗೆ ಶಿವಮೊಗ್ಗದ ಮಾವನ ಮನೆಗೆ ಎರವಲು ಹೋದವನೇ. ಮೂರು ವರ್ಷ. ಅತ್ತೆ ದಿನಾ ಮೊದಲ ಬಿಸಿ ರೊಟ್ಟಿ ನನ್ನ ತಟ್ಟೆಗೇ ಹಾಕುತ್ತಿದ್ದಳು. ಎಷ್ಟು ದಿನ ಇರ್ತೀಯಾ ಅಂತ ಯಾರೂ ಕೇಳಲಿಲ್ಲ. ಇಲ್ಲಿ ಒಂದು ನವೆಂಬರ್ ರಾತ್ರಿ ಸೂಪರ್‌ಮಾರ್ಕೆಟ್ಟಿನಲ್ಲಿ ನನ್ನ ಮುಂದೆ ವಿಟೆಸ್ ಕ್ಲಬ್ಬಿನ ಜಾಕೆಟ್ ಹಾಕಿದ ಒಬ್ಬ ಹುಡುಗ ನಿಂತಿದ್ದ. ಬುಟ್ಟಿಯಲ್ಲಿ ಎರಡು ಫ್ರೋಜನ್ ಪಿಜ್ಜಾ, ಒಂದು ಬಾಳೆಹಣ್ಣು. ಕ್ಯಾಷಿಯರ್ ಡಚ್‌ನಲ್ಲಿ ಏನೋ ಕೇಳಿದಳು. ಅವನಿಗೆ ಅರ್ಥ ಆಗಲಿಲ್ಲ, ಸುಮ್ನೆ ತಲೆ ಆಡಿಸಿದ. ಮನೆಗೆ ಬಾ, ಅನ್ನ ಸಾರು ಇದೆ ಅನ್ನೋಣ ಅನಿಸಿತು. ಅನ್ನಲಿಲ್ಲ. ನಾನೂ ಇಲ್ಲಿಯವನಾಗಿಬಿಟ್ಟಿದ್ದೆನೋ ಏನೋ.

ಜನವರಿಯಲ್ಲಿ ಮಗ ಎರಡನೇ ತಂಡಕ್ಕೆ ಹೋದ. ಅಲ್ಲಿ ಟ್ರೇನರ್‌ಗೆ ಸಹಾಯಕ್ಕೆ ಒಬ್ಬ ಅಪ್ಪ ಬೇಕಿತ್ತು. ನನ್ನ ತಲೆಗೆ ಬಂತು. ಹದಿಮೂರು ಹುಡುಗರು, ಹನ್ನೊಂದು ಜಾಗ, ಯಾರು ಯಾವಾಗ ಇಳಿಯಬೇಕು ಅಂತ ಚೀಟಿ ಬರೆಯೋದು ನನ್ನ ಕೆಲಸ. ಎರಡನೇ ಶನಿವಾರ ಬೆಂಚ್ ಮೇಲೆ ಕೂತಿದ್ದ ಕೆಂಚುಗೂದಲಿನ ಹುಡುಗ ನನ್ನ ಅಂಗಿ ಎಳೆದು, “ನಾನು ಯಾವಾಗ ಇಳೀಲಿ?” ಅಂದ. ಅವತ್ತು ನಮ್ಮವರು 2-1ರಲ್ಲಿ ಮುಂದಿದ್ದರು. ಅವನು ಸ್ವಲ್ಪ ನಿಧಾನ. ಡಚ್‌ನಲ್ಲೂ ಆ ಮಾತು ಇದೆ ಅಂತ ನನಗೆ ಗೊತ್ತಾದದ್ದು ಅದು ನನ್ನದೇ ಬಾಯಿಂದ ಬಂದಾಗ.

“ವ ಜೀನ್ ವೆಲ್,” ಅಂದೆ. ನೋಡೋಣ.

ಅವನು ಮುಖ ನೋಡಿದ. “ಅಂದ್ರೆ ಇಲ್ಲ ಅಂತಾನಾ?”

ಜೇಬಿನಿಂದ ಚೀಟಿ ತೆಗೆದೆ. ಮಳೆಗೆ ಅರ್ಧ ಅಕ್ಷರ ಅಳಿಸಿತ್ತು. “ನಲವತ್ತನೇ ನಿಮಿಷ,” ಅಂದೆ. ಅವನು ಕೂತು ಬೂಟಿನ ದಾರ ಬಿಗಿ ಮಾಡಿಕೊಳ್ಳತೊಡಗಿದ.