ಶಾಂಭವಿಯಲ್ಲಿ ಗಾಳಿಯಿತ್ತು, ಎದುರಾಳಿಗಳಿರಲಿಲ್ಲ

ಮೂಲ್ಕಿಯ ಶಾಂಭವಿ ನದಿಯಲ್ಲಿ ನಾಲ್ಕು ವರ್ಷ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಕಲಿತ ನಾನು, ಕಳೆದ ಡಿಸೆಂಬರಿನಲ್ಲಿ ಇನ್ನೂ ಮೂವರೊಡನೆ ಹಾಂಗ್‌ಕಾಂಗಿಗೆ ಹೋಗಿ ಮೊದಲ ವಿದೇಶಿ ಪಂದ್ಯ ಆಡಿ ಬಂದೆ. 27 ಮಂದಿಯಲ್ಲಿ 22ನೆಯ ಸ್ಥಾನ. ‘ಅಲ್ಲಿನ ಕಡಲು ಗೊತ್ತಿಲ್ಲವಲ್ಲ, ಹಾಗಾಯಿತು’ ಎಂದು ಊರಿನವರು ಸಮಾಧಾನ ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಪಡುಗಡಲಿನಿಂದ ಏಳುವ ಗಾಳಿ ಸಂಜೆಯವರೆಗೂ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಹಾಂಗ್‌ಕಾಂಗಿನ ಸ್ಟಾನ್ಲಿ ಕೊಲ್ಲಿಯಲ್ಲಿ ಚಳಿಗಾಲದ ಗಾಳಿ ಈಶಾನ್ಯದಿಂದ, ಗುಡ್ಡಗಳನ್ನು ಹಾದು, ಬಿಟ್ಟುಬಿಟ್ಟು ಬರುತ್ತದೆ. ಹಾಯಿ ಒಮ್ಮೆ ತೋಳನ್ನೇ ಕಿತ್ತುಕೊಳ್ಳುವಂತೆ ಎಳೆದು ಮರುಕ್ಷಣ ಸತ್ತಂತಾಗುತ್ತದೆ. ಇದಕ್ಕೆ ಎರಡು ದಿನದಲ್ಲಿ ಹೊಂದಿಕೊಂಡೆವು. ಹೊಂದಿಕೊಳ್ಳಲಾಗದೆ ಹೋದದ್ದು ಪಂದ್ಯ ಶುರುವಾಗುವುದಕ್ಕೆ ಮುಂಚಿನ ಆ ಐದು ನಿಮಿಷಕ್ಕೆ.

ಪಂದ್ಯ ಶುರುವಾಗುವ ಗೆರೆ ನೀರಿನ ಮೇಲೆ ಕಾಣುವುದಿಲ್ಲ. ತೀರ್ಪುಗಾರರ ದೋಣಿಗೂ ಆಚೆ ತೇಲುವ ಬೋಯೆಗೂ ನಡುವೆ ಅದನ್ನು ಮನಸ್ಸಿನಲ್ಲೇ ಎಳೆದುಕೊಳ್ಳಬೇಕು. 5 ನಿಮಿಷ ಇರುವಾಗ ಒಂದು ಬಾವುಟ ಏರುತ್ತದೆ, 4 ಇರುವಾಗ ಮತ್ತೊಂದು. ಒಂದೇ ನಿಮಿಷ ಉಳಿದಾಗ ಎರಡನೆಯದು ಇಳಿಯುತ್ತದೆ. ಬ್ರೇಕಿಲ್ಲದ 27 ಬೋರ್ಡ್‌ಗಳು ಹಾಯಿಗೆ ಹಾಯಿ ತಾಗುವಷ್ಟು ಹತ್ತಿರದಲ್ಲಿ ಕಾಯುತ್ತಿರುತ್ತವೆ. ಶಾಂಭವಿಯಲ್ಲಿ ನನ್ನ ಪಕ್ಕದಲ್ಲಿ ಇರುತ್ತಿದ್ದದ್ದು ಮರುವಾಯಿ (ಚಿಪ್ಪುಮೀನು) ಹೆಕ್ಕುವವರ ದೋಣಿ ಮಾತ್ರ. ಮೊದಲ ಪಂದ್ಯದಲ್ಲೇ ಎರಡು ಸೆಕೆಂಡು ಮುಂಚೆ ಗೆರೆ ದಾಟಿದೆ. ಹಾರ್ನ್ ಕೂಗಿ, ಬಿಳಿಯ ಮೇಲೆ ನೀಲಿ ಶಿಲುಬೆಯ ಎಕ್ಸ್ ಬಾವುಟ ಏರಿತು. ಯಾರೋ ತಪ್ಪು ಮಾಡಿದ್ದಾರೆ ಎಂದುಕೊಂಡು ಖುಷಿಯಿಂದಲೇ ಮುಂದೆ ಸಾಗಿದೆ. ತಂಡದ ಪಣಂಬೂರಿನ ಹುಡುಗಿ ಹಿಂದಿನಿಂದ ‘ಮಾರಾಯ್ತಿ, ಅದು ನಿನಗೇ!’ ಎಂದು ಕೂಗಿದ್ದಳಂತೆ. ನನಗೆ ಕೇಳಿಸಿದ್ದು ಗಾಳಿ ಮಾತ್ರ. ಹಿಂದಿರುಗಿ ಮತ್ತೆ ಗೆರೆ ದಾಟಿದ್ದರೆ ಸಾಕಿತ್ತು. ಹಾಗೆ ಮಾಡದ್ದರಿಂದ, ಕಡಿಮೆ ಅಂಕದವರೇ ಗೆಲ್ಲುವ ಈ ಆಟದಲ್ಲಿ, ಸ್ಪರ್ಧಿಗಳ ಸಂಖ್ಯೆಗೆ ಒಂದು ಕೂಡಿಸಿ 28 ಅಂಕ ನನ್ನ ತಲೆಗೆ ಬಿತ್ತು. ತಂಡದ ಲೆಕ್ಕಕ್ಕೆ ನಾಲ್ವರ ಅಂಕವೂ ಸೇರುತ್ತಿದ್ದುದರಿಂದ ಉಳಿದ ಮೂವರಿಗೂ ಅದು ತಗುಲಿತು. ಅವರು ಬೈಯಲಿಲ್ಲ, ಅನ್ನದ ತಟ್ಟೆ ನೋಡುತ್ತಾ ಕುಳಿತಿದ್ದರು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಹಾಂಗ್‌ಕಾಂಗಿಗೆ ಮೊದಲ ಚಿನ್ನ ಬಂದದ್ದು ವಿಂಡ್‌ಸರ್ಫಿಂಗ್‌ನಿಂದಲೇ. ಗೆದ್ದ ಲೀ ಲೈಶಾನ್ ಬೆಳೆದದ್ದು ಚೆಂಗ್ ಚೌ ಎಂಬ ಪುಟ್ಟ ದ್ವೀಪದಲ್ಲಿ. ಇತ್ತ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿ ಸ್ಪರ್ಧೆಯ ಬೆಳ್ಳಿ ಗೆದ್ದ ನಮ್ಮ ನೇಹಾ ಠಾಕೂರ್ ತರಬೇತಿ ಪಡೆದದ್ದು ಭೋಪಾಲದಲ್ಲಿ, ಕಡಲೇ ಕಾಣದ ಊರಿನಲ್ಲಿ. ಹೀಗಿರುವಾಗ 300 ಕಿಲೋಮೀಟರಿಗೂ ಮಿಕ್ಕ ನಮ್ಮ ಕರಾವಳಿಯ ಬಗ್ಗೆ ಭಾಷಣ ಮಾಡುವುದರಿಂದ ಏನೂ ಆಗದು. ವರ್ಷಕ್ಕೊಮ್ಮೆ ನಾಲ್ವರನ್ನು ವಿಮಾನ ಹತ್ತಿಸಲು ಪ್ರಾಯೋಜಕರಿಂದ ಹೊಂದಿಸುವ ದುಡ್ಡಿನಲ್ಲಿ, ವಾರವಾರವೂ ಹತ್ತು ಹಳೆಯ ಬೋರ್ಡ್‌ಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸುವುದು ಮೇಲು ಎಂದು ನನಗೆ ಅನಿಸುತ್ತದೆ.

ಬರುವ ಭಾನುವಾರ ಮೂರು ಗಂಟೆಗೆ, ಗಾಳಿ ಎದ್ದ ಮೇಲೆ, ನದಿಯಲ್ಲಿ ಶುರು ಮಾಡುತ್ತಿದ್ದೇವೆ. ಸದ್ಯಕ್ಕೆ ಆರು ಬೋರ್ಡ್‌ಗಳಿವೆ. ನೆರೆಮನೆಯ ಮಾವ ತಮ್ಮ ದೋಣಿ ಕೊಡುತ್ತಾರೆ. ಅಮ್ಮ ಅಪ್ಪನ ಹಳೆಯ ಬಿಳಿ ಪಂಚೆಗೆ ನೀಲಿ ಪಟ್ಟಿ ಹೊಲಿದು ಎಕ್ಸ್ ಬಾವುಟ ಸಿದ್ಧಪಡಿಸಿದ್ದಾರೆ. ಅದನ್ನು ಏರಿಸುವ ಕೆಲಸವನ್ನೂ ತಾನೇ ಮಾಡುವುದಾಗಿ ಹೇಳಿದ್ದಾರೆ.